ದೀಪಾ ದೊಡ್ಡದ ಮಾಡಿದಾಕಿ

ವಿಮಾ ಕಂಪನಿಯವರು ಇಂದಿಗೂ ನಮ್ಮ ಬಾಗಿಲಿಗೆ ಬಂದರೆ ನಾನು ಕೂಡ್ರಿ ಅನ್ನುವುದಿಲ್ಲ. ಟ್ರ್ಯಾಕ್ಟರಿಗೆ ವಿಮೆ, ಮೊಮ್ಮಕ್ಕಳ ಹೆಸರಿಲೆ ವಿಮೆ ಅಂತ ಬಿಸಿಲಿನಾಗ ಬರುವ ಹುಡುಗರು, ಪಾಪ, ಅವರದೇನೂ ತಪ್ಪಿಲ್ಲ. ನೀರು ಕೊಡಿಸುತ್ತೇನೆ. ಮಾತು ಮಾತ್ರ ಕೊಡುವುದಿಲ್ಲ. ಮಾವನವರಿಗೆ ಭಾಳ ಬಿಗುಮಾನ ಅಂತ ಸೊಸೆ ನೆರೆಮನೆಯಾಕಿಯ ಮುಂದೆ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಇರಲಿ, ಬಿಗುಮಾನವೇ. ನಮ್ಮವ್ವ ಒಮ್ಮೆ ಅಂಥ ಕಂಪನಿಗೆ ಮಾತು ಕೊಟ್ಟಿದ್ದಳು. ಅದನ್ನು ಅವರು ಏನು ಮಾಡಿದರು ಅನ್ನುವುದನ್ನು ಕಣ್ಣಾರೆ ಕಂಡವ ನಾನು.

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವ. ಅಪ್ಪ ತೀರಿಕೊಂಡ ವರ್ಷ ಅದು. ಮುಂದೆ ಕೈಗೆ ಬಂದದ್ದು ಎತ್ತಿನ ಹಗ್ಗ. ನಾನು ಹರೆಯಕ್ಕೆ ಬಂದದ್ದು ಇನ್ನೂ ಮುಂಬಯಿ ರಾಜ್ಯವಿದ್ದ ಕಾಲ, ಕನ್ನಡ ಮಂದಿಯೆಲ್ಲ ಒಂದಾಗಬೇಕು ಅಂತ ಸಂತೆಯೊಳಗೆ ಭಾಷಣ ಆಗುತ್ತಿದ್ದ ಕಾಲ. ರೋಣದಲ್ಲಿ ಒಂದು ಹತ್ತಿ ಗಿರಣಿ ಇತ್ತು. ಗಿರಣಿಯಲ್ಲಿ ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ನಾನು ಚಕ್ಕಡಿಯಲ್ಲಿ ಹೇರಿಕೊಂಡು ಮಲ್ಲಾಪುರ ಸ್ಟೇಷನ್ನಿಗೆ ಮುಟ್ಟಿಸುತ್ತಿದ್ದೆ. ನನ್ನ ಗಾಡಿಯ ಮೇಲೆ ಹೋದ ಬೇಲು ತೊಯ್ದಿತ್ತು, ಹರಿದಿತ್ತು ಅಂತ ಒಬ್ಬ ಮಗ ಅಂದದ್ದಿಲ್ಲ. ಅದೇ ಗಿರಣಿಯಲ್ಲಿ ನಮ್ಮವ್ವ ಹತ್ತಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಹತ್ತಿಯೊಳಗಿನ ಎಲೆಚೂರು, ಕಡ್ಡಿ, ಹರಳು ತೆಗೆದು ಹಸನು ಮಾಡುವುದು ಹೆಣ್ಣುಮಕ್ಕಳ ಕೆಲಸ. ಅವ್ವನ ತವರು ಗಜೇಂದ್ರಗಡದ ನೇಕಾರರ ಮನೆ. ನೂಲಿನ ನಡುವೆ ಹುಟ್ಟಿದ ಕೈ ಅದು, ಹತ್ತಿಗೆ ಬಂದು ನಿಂತಿತ್ತು.

ಹತ್ತಿ ಆರಿಸುವ ಪಡಸಾಲಿಗೆ ಹೊಂದಿಯೇ ವಖಾರ. ಕಟ್ಟಿದ ಬೇಲುಗಳನ್ನು ಅಲ್ಲಿ ಒಟ್ಟುತ್ತಿದ್ದರು. ಚಳಿಗಾಲದಲ್ಲಿ ಹೊತ್ತು ಲಗೂ ಮುಳುಗುವುದರಿಂದ ಪಡಸಾಲಿಯ ಗೂಟಕ್ಕೆ ಒಂದು ಕಂದೀಲು ತೂಗುಹಾಕುತ್ತಿದ್ದರು. ಹೆಣ್ಣಾಳುಗಳಲ್ಲಿ ಹಿರಿಯಳು ಅಂತ ಕಡೆಯ ಕೆಲಸ ಅವ್ವನದು. ಎಲ್ಲರೂ ಹೋದ ಮೇಲೆ ಕಸ ಹೊಡೆಯಬೇಕು, ದೀಪ ದೊಡ್ಡದು ಮಾಡಬೇಕು, ಬಾಗಿಲು ಹಾಕಿ ಕೀಲಿಯನ್ನು ಆಳುಗಳ ಮೇಲಿನ ಮುಕಾದಮನ ಕೈಗೆ ಕೊಡಬೇಕು.

ದೊಡ್ಡದು ಮಾಡಬೇಕು ಅಂದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕಂದರೆ ಹೇಳದೇ ಹೋದದ್ದರಿಂದಲೇ ಇಷ್ಟೆಲ್ಲ ಆಯಿತು. ಉರಿಯುವ ದೀಪವನ್ನು ನಾವು ಆರಿಸಿದೆವು ಅನ್ನುವುದಿಲ್ಲ. ಹಂಗಂದರೆ ಮನೆಗೆ ಒಳ್ಳೆಯದಲ್ಲ. ದೀಪ ದೊಡ್ಡದು ಮಾಡಿದೆವು ಅನ್ನುತ್ತೇವೆ. ಬಾಯಿಂದ ಊದುವುದೂ ಇಲ್ಲ. ಬತ್ತಿ ಇಳಿಸಿ, ಸೆರಗಿನಿಂದ ಗಾಳಿ ಹಾಕಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ನಮ್ಮವ್ವನಂತೂ ಈ ವಿಷಯದಲ್ಲಿ ಭಾಳ ಬಿಗಿ. ಸಣ್ಣವನಿದ್ದಾಗ ಒಮ್ಮೆ ದೀಪ ಆರಿಸಲೇನು ಅಂತ ಕೇಳಿದ್ದಕ್ಕೆ ಬಾಯಿಮೇಲೆ ಹೊಡೆದಿದ್ದಳು.

ಒಂದು ಸುಗ್ಗಿಯ ನಸುಕಿನಲ್ಲಿ ವಖಾರಕ್ಕೆ ಬೆಂಕಿ ಹತ್ತಿತು. ನಾನು ಎತ್ತುಗಳಿಗೆ ನೀರು ಕುಡಿಸಲು ಹೊರಟವ ಹೊಗೆ ಕಂಡು ಓಡಿದೆ. ಹತ್ತಿ ಉರಿಯುವುದನ್ನು ನೋಡಿದವರಿಗೆ ಗೊತ್ತು, ಅದು ಕಟ್ಟಿಗೆಯ ಹಾಂಗ ಸಪ್ಪಳ ಮಾಡುವುದಿಲ್ಲ. ಸುಮ್ಮನೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಕೊಡದಿಂದ ಕೊಡಕ್ಕೆ ನೀರು ದಾಟಿಸಿದೆವು, ಸುಡದೆ ಉಳಿದ ಬೇಲುಗಳನ್ನು ಉರುಳಿಸಿ ಹೊರಗೆ ಹಾಕಿದೆವು. ಬಿಸಿಲೇರುವ ಹೊತ್ತಿಗೆ ವಖಾರದ ಮಾಳಿಗೆ ಕುಸಿದಿತ್ತು. ಗಿರಣಿಯ ಸಾವಕಾರರು ತಲೆಗೆ ರುಮಾಲಿಲ್ಲದೆ ಅಂಗಳದಲ್ಲಿ ನಿಂತಿದ್ದರು. ಗುಮಾಸ್ತ ಬಂದು ಅವರ ಕಿವಿಯಲ್ಲಿ, ವಿಮೆ ಐತಲ್ಲರಿ, ಅಂದದ್ದು ನನಗೆ ಕೇಳಿಸಿತು. ಆ ಶಬ್ದ ನಾನು ಕೇಳಿದ್ದು ಅದೇ ಮೊದಲು.

ಸುಟ್ಟದ್ದನ್ನು ತಪಾಸು ಮಾಡಲು ವಿಮಾ ಕಂಪನಿಯ ಸಾಹೇಬ ಬಂದದ್ದು ಆಮೇಲೆ. ಬೆಂಗಳೂರು ಕಡೆಯವ, ಹುಬ್ಬಳ್ಳಿಯ ಆಫೀಸಿಗೆ ಬಂದಿದ್ದನಂತೆ. ಬಿಳಿ ಪ್ಯಾಂಟು, ಕೈಯಲ್ಲೊಂದು ಕ್ಯಾಮೆರಾ, ಸಂಗಡ ಅಳತೆಯ ಪಟ್ಟಿ. ಖರೇ ಹೇಳಬೇಕೆಂದರೆ ಮೊದಲಿಗೆ ಆ ಮನುಷ್ಯ ನನಗೆ ಸೇರಿದ. ಕೆಲಸ ಮಾಡುವವ ಅವ. ಬಿಳಿ ಬಟ್ಟೆ ಹೊಲಸಾದೀತು ಅನ್ನಲಿಲ್ಲ, ಬೂದಿಯೊಳಗೆ ಮೊಣಕಾಲೂರಿ ಕೂತ. ಬೇಲುಗಳಿಗೆ ಸುತ್ತಿದ ಕಬ್ಬಿಣದ ಪಟ್ಟಿಗಳು ಸುಡುವುದಿಲ್ಲ. ಅವನ್ನೆಲ್ಲ ಬೂದಿಯಿಂದ ಹೆಕ್ಕಿಸಿ ರಾಶಿ ಹಾಕಿಸಿ ಎಣಿಸಿದ. ವಖಾರದಲ್ಲಿ ಇಷ್ಟು ಮಾಲಿತ್ತು ಅಂತ ಸಾವಕಾರರು ಹೇಳಿದ್ದು ಖರೆಯೋ ಸುಳ್ಳೋ ಅದರಿಂದಲೇ ಗೊತ್ತಾಗುತ್ತದಂತೆ. ಗೋಡೆಯ ಮೇಲೆ ಮಸಿ ಎಲ್ಲಿ ಕೆಳತನಕ ಇಳಿದಿದೆ, ಎಲ್ಲಿ ಮೇಲೆಯೇ ನಿಂತಿದೆ ಅಂತ ಕೈಯಾಡಿಸಿ ನೋಡಿದ. ಬಾಗಿಲಿನ ಅಗಳಿ ಮುರಿದಿದೆಯೋ ಅಂತ ನೋಡಿದ. ಮಣ್ಣನ್ನು ಹಿಡಿಯಲ್ಲಿ ತಗೊಂಡು ಚಿಮಣಿ ಎಣ್ಣೆಯ ವಾಸನೆ ಬರುತ್ತದೇನೋ ಅಂತ ಮೂಸಿದ.

ನಾವು ಹೊರಗೆ ಉರುಳಿಸಿದ ಬೇಲುಗಳನ್ನೂ ಅವ ಬಿಡಲಿಲ್ಲ. ನಾನೇ ಪಟ್ಟಿ ಕತ್ತರಿಸಿ ಬಿಚ್ಚಿಕೊಟ್ಟೆ. ಒಂದು ಬೇಲು ಮೇಲೆ ಬೆಳ್ಳಗಿತ್ತು, ನಡುವೆ ಕೈಹಾಕಿದರೆ ಕರ್ರಗಿನ ಕುಳಿ. ಸಾಹೇಬ ಅದನ್ನು ಕಂಡು ಸಿಳ್ಳು ಹಾಕಿದ. ಹತ್ತಿಯೊಳಗಿನ ಹರಳು ಯಂತ್ರದ ಹಲ್ಲಿಗೆ ಸಿಕ್ಕು ಕಿಡಿ ಹಾರಿದರೆ, ಆ ಕಿಡಿ ಬೇಲಿನ ಹೊಟ್ಟೆಯಲ್ಲಿ ಕೂತು ಭಾಳ ದಿನ ಬೇಯುತ್ತಿರುತ್ತದೆ ಅಂತ ತಾನಾಗಿಯೇ ನನಗೆ ಹೇಳಿದ. ಆ ಬೇಲಿನ ಫೋಟೋ ಹೊಡೆದುಕೊಂಡ. ಇದನ್ನು ನೆನಪಿಡಬೇಕು. ಅವನಿಗೆ ಇದು ಗೊತ್ತಿತ್ತು.

ಮರುದಿನ ಮಾತು ಬರೆದುಕೊಳ್ಳುವ ಕೆಲಸ. ಗುಮಾಸ್ತನ ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆಸಿದ, ಸಾವಕಾರರನ್ನೂ ಗುಮಾಸ್ತನನ್ನೂ ಹೊರಗೆ ಕಳಿಸಿದ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದಂತೆ. ನಾನು ಕಿಟಕಿಯ ಹೊರಗೆ ಗಾಡಿಯ ಅಚ್ಚಿಗೆ ಎಣ್ಣೆ ಹಚ್ಚುತ್ತಿದ್ದೆ, ನನ್ನನ್ನು ಅವ ನೋಡಲಿಲ್ಲ. ಅವ್ವನನ್ನು ಕುರ್ಚಿಯ ಮೇಲೆ ಕೂತುಕೊಳ್ಳಿ ಅಮ್ಮ ಅಂದ. ಅವ್ವ ನೆಲದ ಮೇಲೆಯೇ ಕೂತಳು. ಸಂಜೆ ಎಲ್ಲರಿಗಿಂತ ಕಡೆಗೆ ಹೊರಗೆ ಬಂದವರು ಯಾರು ಅಂತ ಕೇಳಿದ್ದಕ್ಕೆ ನಾನೇ ಅಂದಳು. ದೀಪ ಏನು ಮಾಡಿದಿರಿ ಅಂತ ಕೇಳಿದ.

“ದೊಡ್ಡದ ಮಾಡಿ ಬಂದೇನ್ರಿ.”

“ದೊಡ್ಡದು ಮಾಡಿದ್ರಾ? ಚೆನ್ನಾಗಿ ನೆನಪಿದೆಯಾ?”

“ನೆನಪಿರದ ಏನ್ರಿ, ದಿನಾ ನಾನ ಮಾಡಾಕಿ. ದೊಡ್ಡದ ಮಾಡ್ದ ಎಂದೂ ಬಾಗಲಾ ಹಾಕಿಲ್ಲ.”

ಸಾಹೇಬನ ಪೆನ್ನು ಸರಸರ ಓಡಿದ ಸಪ್ಪಳ ಕಿಟಕಿಯತನಕ ಬಂತು. ಇಂಗ್ಲೀಷಿನಲ್ಲಿ ಬರೆದುಕೊಂಡ. ಅವ್ವ ಹೆಬ್ಬೆಟ್ಟು ಒತ್ತಿದಳು. ಅವ್ವ ಎಷ್ಟು ಚಲೋ ಹೇಳಿದಳು, ಎಷ್ಟು ಧೈರ್ಯದಿಂದ ಹೇಳಿದಳು ಅಂತ ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ವಾರ ಕಳೆದಿರಬೇಕು, ಕಾಗದ ಬಂತು. ಗುಮಾಸ್ತ ಅದನ್ನು ಓದಿ ಕನ್ನಡದಲ್ಲಿ ಹೇಳಿದ. ಆಳುಗಳು ಹೋದ ಮೇಲೆ ವಖಾರದ ಹತ್ತಿರ ಉರಿಯುವ ದೀಪ ಇರಬಾರದು ಅಂತ ವಿಮೆಯ ಕರಾರಿನಲ್ಲಿದೆಯಂತೆ. ಕಡೆಗೆ ಹೊರಗೆ ಬಂದ ಹೆಣ್ಣಾಳು ದೀಪದ ಉರಿಯನ್ನು ಏರಿಸಿ, ಹಂಗೇ ಬಿಟ್ಟು, ಬಾಗಿಲು ಹಾಕಿಕೊಂಡು ಹೋಗಿದ್ದಾಳೆ, ದಿನಾ ಹಿಂಗೇ ಮಾಡುತ್ತಾಳೆ ಅಂತ ಆಕೆಯೇ ಒಪ್ಪಿದ್ದಾಳೆ, ಆದ್ದರಿಂದ ಕಂಪನಿ ಪರಿಹಾರ ಕೊಡಬೇಕಾಗಿಲ್ಲ.

ಸಾವಕಾರರು ಅವ್ವನನ್ನು ಅಂಗಳದ ನಡುವೆ ನಿಲ್ಲಿಸಿ ಬಯ್ದರು. ಏನಂತ ಒದರಿದಿ ಅವನ ಮುಂದ, ಅಂದರು. ಅವ್ವ, ದೊಡ್ಡದ ಮಾಡೀನಿ ಅಂತ ಹೇಳೀನ್ರಿ, ಅಂದಳು.  ಸಾವಕಾರರಿಗೆ ಆ ಕ್ಷಣಕ್ಕೇ ತಿಳಿಯಿತು. ತಪ್ಪು ಎಲ್ಲಿ ಆಗಿದೆ ಅಂತ ಅವರ ಮುಖದ ಮೇಲೆಯೇ ಬರೆದಿತ್ತು. ತಿಳಿದೂ ಏನೆಂದರು ಗೊತ್ತೇ? “ಹಿಂಗ ಹೇಳಿದ್ರ ಅವ ಹ್ಯಾಂಗ ತಿಳ್ಕೋಬೇಕು? ನಾಳಿಯಿಂದ ಬರಬ್ಯಾಡ.” ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಗಿರಣಿ ಸುಟ್ಟಾಕಿ ಅಂತ ನಮ್ಮವ್ವನಿಗೆ ಹೆಸರು ಬಿತ್ತು. ಬಾವಿಯ ಕಟ್ಟೆಯಲ್ಲಿ ಅವಳು ಕೊಡ ಇಟ್ಟರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು.

ಸಾಹೇಬ ನರಗುಂದದಲ್ಲಿದ್ದಾನೆ, ಅಲ್ಲಿಯೂ ಯಾರದೋ ಅಂಗಡಿ ಸುಟ್ಟಿದೆ, ಸರಕಾರಿ ಬಂಗಲೆಯಲ್ಲಿ ಇಳಿದಿದ್ದಾನೆ ಅಂತ ಮುಕಾದಮನಿಂದ ತಿಳಿಯಿತು. ಎತ್ತುಗಳನ್ನು ನೆರೆಯವನಿಗೆ ಒಪ್ಪಿಸಿ ಬೆಳಗಿನ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಅವನ ಕುತ್ತಿಗೆ ಹಿಡಿದು ಕೇಳಬೇಕು ಅಂತ ಹಲ್ಲು ಕಡಿಯುತ್ತಿದ್ದೆ. ಬಂಗಲೆಯ ಜಗುಲಿಯಲ್ಲಿ ಅವ ಚಹಾ ಕುಡಿಯುತ್ತಿದ್ದ. ನನ್ನ ಗುರುತು ಹಿಡಿದ, ಬಾರಪ್ಪಾ ಅಂದ.

ನಾನು ಕೂಡ್ರಲಿಲ್ಲ. “ಸಾಹೇಬ್ರ, ನಮ್ಮವ್ವ ದೀಪಾ ದೊಡ್ಡದ ಮಾಡೀನಿ ಅಂದದ್ದು ಏನಂತ ತಿಳಕೊಂಡೀರಿ?”

“ದೊಡ್ಡದು ಮಾಡೋದು ಅಂದ್ರೆ ದೊಡ್ಡದು ಮಾಡೋದು. ನನಗೂ ಕನ್ನಡ ಬರತ್ತಪ್ಪಾ.”

“ನಿಮ್ಮದ ಬರತೈತಿ. ನಮ್ಮದ ಬರೂದಿಲ್ಲ.”

ಅವ ನಕ್ಕ. ಬಂಗಲೆಯ ಅಡುಗೆಯವ ಬಾಗಿಲಿನಲ್ಲಿ ನಿಂತಿದ್ದ. ಅವನನ್ನು ಕರೆದು, ಒಳಗೆ ದೀಪ ಇದೆಯಲ್ಲ, ಅದನ್ನು ಹೋಗಿ ದೊಡ್ಡದು ಮಾಡು ನೋಡೋಣ ಅಂದ. ಅಡುಗೆಯವ ಸಾಹೇಬನ ಮುಖ ನೋಡಿದ, ಮೇಲೆ ಸೂರ್ಯನನ್ನು ನೋಡಿದ.

“ಹಾಡಹಗಲಿ ದೀಪಾ ಎಲ್ಲಿ ಹಚ್ಚೇನ್ರಿ ಸಾಹೇಬ್ರ, ದೊಡ್ಡದ ಮಾಡಾಕ?”

ಸಾಹೇಬ ಚಹಾದ ಬಟ್ಟಲು ಕೆಳಗಿಟ್ಟ. ಏನು ಹಾಂಗಂದರೆ ಅಂತ ಅವನನ್ನೇ ಮತ್ತೆ ಮತ್ತೆ ಕೇಳಿದ. ಅಡುಗೆಯವ ಸೊಟ್ಟಗೆ ನಗುತ್ತಾ ಕೈ ಬೀಸಿ ತೋರಿಸಿದ, ಆರಿಸುವುದು ಅನ್ನುವ ಶಬ್ದ ಅವನೂ ಬಾಯಿಂದ ಆಡಲಿಲ್ಲ. ಮುಂಬಯಿ ಕಡೆಯ ಮರಾಠಿಯವ ಬಂದಿದ್ದರೆ ಚಲೋ ಆಗುತ್ತಿತ್ತು ಅಂತ ಆಗ ನನಗೆ ಅನಿಸಿತು. ಅವ ತನಗೆ ಭಾಷೆ ಬಾರದು ಅಂತ ಗೊತ್ತಿದ್ದು, ಏನಂದಳು ಅಂತ ಯಾರನ್ನಾದರೂ ಕೇಳುತ್ತಿದ್ದ. ಈತನಿಗೆ ಕನ್ನಡ ಬರುತ್ತಿತ್ತು. ಅದಕ್ಕೇ ನಮಗೆ ಬೆಂಕಿ ಬಿತ್ತು. ಬೂದಿಯೊಳಗಿನ ಒಂದೊಂದು ಕಬ್ಬಿಣದ ಪಟ್ಟಿಯನ್ನೂ ಮುಟ್ಟಿ ನೋಡಿದ ಮನುಷ್ಯ ಮುದುಕಿಯ ಒಂದು ಮಾತನ್ನು ತಿರುವಿ ನೋಡಲಿಲ್ಲ.

ಒಳಗಿನಿಂದ ಸುಟ್ಟ ಬೇಲನ್ನು ನೀವೇ ನೋಡಿದ್ದೀರಲ್ಲ, ಅದನ್ನು ಯಾಕೆ ಬರೆಯಲಿಲ್ಲ ಅಂತ ಕೇಳಿದೆ.

“ಬರೆದಿದ್ದೀನಿ. ಆದರೆ ಬೇಲು ಬಾಯಿ ಬಿಟ್ಟು ಹೇಳಲ್ಲ. ನಿನ್ನ ತಾಯಿ ಹೇಳಿದಾರೆ.”

ಅವತ್ತು ಅವನ ಮೈಮೇಲೆ ಕೈ ಹೋಗಲಿಲ್ಲವೆಂದರೆ ಅದು ನನ್ನ ದೊಡ್ಡತನವಲ್ಲ, ಅಡುಗೆಯವ ನಡುವೆ ಬಂದು ನಿಂತಿದ್ದ. ಆಮೇಲೆ ಸಾಹೇಬನೇ ತಗ್ಗಿದ ದನಿಯಲ್ಲಿ, ಹೋಗುವಾಗ ರೋಣಕ್ಕೆ ಬರುತ್ತೇನೆ, ನಿನ್ನ ತಾಯಿ ಇನ್ನೊಮ್ಮೆ ತಿಳಿಯುವ ಹಾಗೆ ಹೇಳಲಿ, ಬರೆದುಕೊಳ್ಳುತ್ತೇನೆ, ಅಂದ. ನೀನು ಹೇಳಿದರೆ ನಡೆಯುವುದಿಲ್ಲ, ಆಕೆಯ ಬಾಯಿಂದಲೇ ಬರಬೇಕು, ಅಂದ.

ಹೇಳಿದ ದಿನ ಬಂದ. ಅದನ್ನು ಒಪ್ಪಬೇಕು. ಗುಮಾಸ್ತನ ಕೋಣೆಯಲ್ಲಿ ಈ ಸಲ ಸಾವಕಾರರೂ ಕೂತಿದ್ದರು, ಮುಕಾದಮ ಬಾಗಿಲಿಗಿದ್ದ. ಅವ್ವ ಗಜೇಂದ್ರಗಡದ ತನ್ನ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಸಾಹೇಬ ಪೆನ್ನು ತೆರೆದು, ದೀಪ ಆರಿಸಿದೆ ಅಂತ ಒಂದು ಮಾತು ಹೇಳಿ ಅಮ್ಮ, ಮುಗೀತು, ಅಂದ.

ಅವ್ವ ಹೇಳಲಿಲ್ಲ.

ಸಾವಕಾರರು ಮೊದಲು ಸಮಾಧಾನದಿಂದ ಹೇಳಿದರು, ಆಮೇಲೆ ಗದರಿದರು. “ಅನ್ನಬೇ ಆ ಮಾತು, ಏನ ಹೋಗತೈತಿ ನಿಂದು?”

“ನೀವು ನಿಮ್ಮ ಮನ್ಯಾಗ ಆ ಮಾತು ಅಂತೀರೇನ್ರಿ, ಸಾವಕಾರ್ರ?”

ಸಾವಕಾರರು ಕಿಟಕಿಯ ಕಡೆ ತಿರುಗಿದರು. ಸಾಹೇಬನಿಗೆ ಇದು ಹಟ ಅನಿಸಿರಬೇಕು. ದಿನವೆಲ್ಲ ಹತ್ತಿ ಆರಿಸ್ತೀರಿ, ಆಗ ಬಾರದ ದೋಷ ದೀಪ ಆರಿಸಿದೆ ಅಂದ್ರೆ ಬರುತ್ತಾ ಅಂತ ನಗುತ್ತಾ ಕೇಳಿದ.

“ಹತ್ತಿಯಾಗ ಕಸಾ ಇರತೈತ್ರಿ, ಅದಕ್ಕ ಆರಿಸ್ತೀವಿ. ದೀಪದಾಗ ಏನ ಕಸಾ ಐತಿ?”

ಮುಕಾದಮ ಬಾಗಿಲಲ್ಲಿ ಕೆಮ್ಮಿದ. ನನಗೆ ನಗು ಬರಲಿಲ್ಲ. ನನಗೆ ಈಗ ಅವ್ವನ ಮೇಲೆಯೇ ಸಿಟ್ಟು ಬಂದಿತ್ತು. ಬಸ್ಸು ಹತ್ತಿ ನರಗುಂದಕ್ಕೆ ಹೋಗಿ ಇವನನ್ನು ಎಳೆದು ತಂದವ ನಾನು. ಒಂದು ಮಾತಿನಲ್ಲಿ ಅವಳ ಹೆಸರು ಉಳಿಯುತ್ತಿತ್ತು, ಅನ್ನ ಉಳಿಯುತ್ತಿತ್ತು. ಯವ್ವಾ, ಒಂದು ಸಲ ಅಂದುಬಿಡು, ನಾಲಿಗೆ ಸುಡುತ್ತದೇನು ಅಂತ ಎಲ್ಲರ ಮುಂದೆ ಒದರಿದೆ. ಅವಳು ನನ್ನ ಕಡೆ ನೋಡಿದಳು.

“ನಿಮ್ಮಪ್ಪ ಹೋದ ದಿನ ಮಂದಿ ಅಂದ್ರು, ಮನಿ ದೀಪ ಆರಿತು ಅಂತ. ಆ ಮಾತು ನನ್ನ ಬಾಯಾಗ ಬರೂದಿಲ್ಲ.”

 ಅವ್ವನೇ ಎದ್ದು ಗುಮಾಸ್ತನ ಗೂಟದ ಮೇಲಿನ ಕಂದೀಲು ಇಳಿಸಿದಳು. ಕಡ್ಡಿಪೆಟ್ಟಿಗೆ ಕೇಳಿದಳು. ಮಧ್ಯಾಹ್ನದ ಬೆಳಕಿನಲ್ಲಿ ದೀಪ ಹಚ್ಚಿ ಸಾಹೇಬನ ಮೇಜಿನ ಮೇಲಿಟ್ಟಳು. ಕಿಟಕಿ ಹಾಕ್ರಿ ಅಂದಳು, ಸಾವಕಾರರೇ ಎದ್ದು ಹಾಕಿದರು. ಬಾಗಿಲನ್ನು ಮುಕಾದಮ ಹಾಕಿದ. ಅವ್ವ ಬತ್ತಿ ಇಳಿಸಿದಳು, ಗಾಜು ಎತ್ತಿದಳು, ಸೆರಗಿನ ತುದಿಯಿಂದ ಒಮ್ಮೆ ಗಾಳಿ ಹಾಕಿದಳು. ಕತ್ತಲೆಯಲ್ಲಿ ಬತ್ತಿಯ ಹೊಗೆಯ ವಾಸನೆ ಬಂತು.

“ಇದ ನೋಡ್ರಿ. ಇದನ್ನ ಬರಕೋರಿ.”

ಕಿಟಕಿ ತೆಗೆದ ಮೇಲೆ ಸಾಹೇಬ ಬರೆಯತೊಡಗಿದ. ಈ ಸಲ ಕನ್ನಡದಲ್ಲಿ ಬರೆದ, ಬರೆದದ್ದನ್ನು ಓದಿ ಹೇಳಿದ. ಬತ್ತಿ ಇಳಿಸಿ, ಗಾಜು ಎತ್ತಿ, ಸೆರಗಿನಿಂದ ಗಾಳಿ ಹಾಕಿ, ಉರಿ ಇಲ್ಲದ ಹಾಗೆ ಮಾಡಿ ಅಂತ ಓದುತ್ತಿದ್ದಂತೆ ಅವ್ವ ಕೈ ಎತ್ತಿದಳು. ಇಲ್ಲದ ಹಾಗೆ ಅನಬ್ಯಾಡ್ರಿ, ಅಂದಳು. ಸಾಹೇಬ ಸೋತುಹೋದ. ಮತ್ತೇನು ಬರೀಲಿ ನೀವೇ ಹೇಳಿ ಅಮ್ಮ, ಅಂದ.

“ಕತ್ತಲಿ ಆತು ಅಂತ ಬರೀರಿ. ಆಮ್ಯಾಲ ಬಾಗಲಾ ಹಾಕಿದ್ನಿ ಅಂತ ಬರೀರಿ.”

ಅವ ಹಾಗೇ ಬರೆದ. ಅವ್ವ ಹೆಬ್ಬೆಟ್ಟು ಒತ್ತಿದಳು. ಹೊರಡುವಾಗ ಸಾಹೇಬ ಅವಳಿಗೆ ಕೈ ಮುಗಿದ, ತಪ್ಪು ತಿಳ್ಕೊಂಡುಬಿಟ್ಟೆ ಅಂತ ಮೆಲ್ಲಗೆ ಅಂದ. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ, ಬಾಗಿಲಿಗೆ ಬಂದ ಹುಡುಗರಿಗೆ ಚಾಪೆಯನ್ನೂ ಹಾಸುತ್ತಿದ್ದೆ.

ಸಾವಕಾರರಿಗೆ ವಿಮೆಯ ರೊಕ್ಕ ಬಂತು. ವಖಾರಕ್ಕೆ ತಗಡಿನ ಹೊಸ ಮಾಳಿಗೆ ಏರಿತು. ಅವ್ವನನ್ನು ಕೆಲಸಕ್ಕೆ ಕರೆಯಲು ಮುಕಾದಮ ಬಂದ, ಏನೂ ಆಗಿಲ್ಲವೇನೋ ಅನ್ನುವ ಹಾಂಗ. ನಾನು ಗುಮಾಸ್ತನ ಹತ್ತಿರ ಹೋಗಿ, ಕಂಪನಿಯ ಕಡೆಯ ಕಾಗದದಲ್ಲಿ ಏನಂತ ಬರೆದಿದೆ ಓದಿ ಹೇಳು ಅಂದೆ. ತಮ್ಮ ಸಾಹೇಬ ತಪ್ಪು ತಿಳಿದುಕೊಂಡ ಅಂತ ಅದರಲ್ಲಿ ಇರಬೇಕು, ಅದನ್ನು ಬಾವಿಕಟ್ಟೆಯಲ್ಲಿ ನಿಂತು ಹೇಳಬೇಕು ಅಂತ ನನ್ನ ಆಸೆ. ಗುಮಾಸ್ತ ಹುಡುಕಿ ಓದಿದ. ಬೇಲು ಒಳಗಿನಿಂದ ಸುಟ್ಟದ್ದು ಬರೆದಿತ್ತು. ಹರಳು, ಕಿಡಿ ಎಲ್ಲ ಬರೆದಿತ್ತು. ಕೆಳಗೆ ಒಂದು ಸಾಲು. ಹೆಣ್ಣಾಳು ತನ್ನ ಮೊದಲಿನ ಮಾತನ್ನು ಬದಲಿಸಿದ್ದರಿಂದ ಪರಿಹಾರ ಕೊಡಲಾಗಿದೆ.

ಇನ್ನೊಮ್ಮೆ ಓದು ಅಂದೆ. ಅವ ಇನ್ನೊಮ್ಮೆ ಓದಿದ. ಹಂಗೇ ಇತ್ತು.

ತನ್ನ ತಪ್ಪನ್ನು ಬರೆಯಲು ಪೆನ್ನು ಏಳಲಿಲ್ಲ ಆ ಮನುಷ್ಯನಿಗೆ. ಕೈ ಮುಗಿದು ಹೋದವ ಹುಬ್ಬಳ್ಳಿಯ ಆಫೀಸಿನಲ್ಲಿ ಕೂತು ನಮ್ಮವ್ವನನ್ನು ಮಾತು ತಿರುಗಿಸುವಾಕಿ ಮಾಡಿದ. ಸಾವಕಾರರ ಹತ್ತಿರ ಹೋದೆ. ಒಂದು ಕಾಗದ ಬರೆಸಿ ಅದನ್ನು ತಿದ್ದಿಸಿರಿ ಅಂತ ಕೇಳಿದೆ, ನನ್ನ ಜೀವಮಾನದಲ್ಲಿ ಆ ಮನುಷ್ಯನನ್ನು ಬೇಡಿದ್ದು ಅದೊಂದೇ ಸಲ. ಅವರು ಎಲೆ ಅಡಿಕೆ ಅಗಿಯುತ್ತಾ, “ರೊಕ್ಕಾ ಬಂದಮ್ಯಾಲ ಯಾರಾರೆ ಕಾಗದಾ ಕೆದರತಾರೇನೋ ಹುಚ್ಚಾ?” ಅಂದರು. ಅವತ್ತೇ ಅವರ ಅಂಗಳದಿಂದ ನನ್ನ ಚಕ್ಕಡಿ ಹೊಡೆದುಕೊಂಡು ಬಂದೆ. ಆಮೇಲೆ ಇಟಗಿ, ಸೂಡಿಯ ಮಂದಿಯ ಕಾಳು ಹೇರಿದೆ, ಕಲ್ಲು ಹೇರಿದೆ, ಆ ಗಿರಣಿಯ ಒಂದು ಬೇಲು ಹೇರಲಿಲ್ಲ.

ಅವ್ವನಿಗೆ ಹೇಳಬಾರದು ಅಂತಿದ್ದೆ. ಸಿಟ್ಟಿನಲ್ಲಿ ಬಾಯಿ ನಿಲ್ಲಲಿಲ್ಲ, ಹೇಳಿಬಿಟ್ಟೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಬಡಿದು ಮುಗಿಸಿದಳು. ಮರುದಿನ ಕೆಲಸಕ್ಕೆ ಹೋದಳು. ನನಗೆ ಹೇಸಿಕೆ ಬಂತು, ಇಷ್ಟೆಲ್ಲ ಆಗಿಯೂ ಹೋದಳಲ್ಲ ಅಂತ. ಸಂಜೆಗೆ ನಡೆದದ್ದನ್ನು ಮುಕಾದಮನೇ ನಮ್ಮ ಮನೆತನಕ ಬಂದು ಹೇಳಿದ. ಕೆಲಸ ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಯಾರನ್ನೂ ಹೋಗಗೊಡಲಿಲ್ಲವಂತೆ. ಎಲ್ಲರೂ ನೋಡುತ್ತಿರಲು ಕಸ ಹೊಡೆದು, ದೀಪ ದೊಡ್ಡದು ಮಾಡಿ, ಬಾಗಿಲು ಹಾಕಿ, ಕೀಲಿಯನ್ನು ಅವನ ಕೈಯಲ್ಲಿಟ್ಟಳಂತೆ. “ಅವತ್ತೂ ಇದನ್ನ ಮಾಡಿದ್ದೆ, ಇವತ್ತೂ ಇದನ್ನ ಮಾಡೀನಿ. ಬದಲಾಗಿದ್ದ ಏನೈತಿ ಹೇಳ್ರವಾ?” ಅಂತ ಆ ಹೆಣ್ಣುಮಕ್ಕಳನ್ನು ಕೇಳಿದಳಂತೆ.  ನಾಳಿಯಿಂದ ಬರೂದಿಲ್ಲ ಅಂತ ಹೇಳಿ ನಡೆದು ಬಂದಳಂತೆ.

ಆ ವಾರವೇ ಅವಳನ್ನು ಗಜೇಂದ್ರಗಡಕ್ಕೆ ಬಿಟ್ಟು ಬಂದೆ, ಸೋದರಮಾವಂದಿರ ಮನೆಗೆ. ಕಣ್ಣು ಕಾಣುವತನಕ ಅಲ್ಲಿ ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತಿದಳು. ರೋಣದ ಸಂತೆಗೆ ಅವಳು ಮತ್ತೆ ಬರಲಿಲ್ಲ. ಗಿರಣಿ ಸುಟ್ಟಾಕಿ ಅನ್ನುವುದನ್ನು ಊರು ಮರೆಯಿತು, ಊರಿಗೇನು, ಮರೆಯುತ್ತದೆ. ಆ ಕಾಗದ ಮರೆಯುವುದಿಲ್ಲ. ಹುಬ್ಬಳ್ಳಿಯ ಯಾವುದೋ ಕಪಾಟಿನಲ್ಲಿ ಅದು ಇನ್ನೂ ಇದ್ದರೂ ಇರಬಹುದು, ಅದರಲ್ಲಿ ನಮ್ಮವ್ವ ಇನ್ನೂ ಮಾತು ಬದಲಿಸುತ್ತಲೇ ಇರಬಹುದು.

ನನಗೆ ಬರೆಯಲು ಬರುವುದು ಇಷ್ಟೇ, ಮೂರನೇ ಇಯತ್ತೆಯ ಕೈ. ಆದರೂ ಬರೆದಿಡುತ್ತೇನೆ. ಒಂದೇ ಒಂದು ಮಾತು ಬದಲಿಸು ಅಂತ ಸಾವಕಾರ ಹೇಳಿದ, ಸಾಹೇಬ ಹೇಳಿದ, ಹೊಟ್ಟೆಯ ಮಗ ನಾನೂ ಒದರಿದೆ. ಅಕಿ ಬದಲಿಸಲಿಲ್ಲ.